ಚಿರತೆ, ತೋಳಕ್ಕೂ ಒಂದು ‘ಏರಿಯಾ’ ಇರ್ತದ: ಕಾಡುಪ್ರಾಣಿ ತಿರುಗಾಟದ ಲೆಕ್ಕ ಹಾಕೋದು ಹೇಗೆ?

ಸೇಡಂ/ಚಿಂಚೋಳಿ: ‘ನಮ್ಮ ಹೊಲದಾಗ ಚಿರತೆ ಬಂದದಂತ’ ಅಂತ ಒಂದು ವಾಟ್ಸ್‌ಆ್ಯಪ್ ಮೆಸೇಜ್ ಬಂದರೆ ಸಾಕು, ಸಂಜೆ ಆರಕ್ಕೇ ಅಂಗಡಿ ಶಟರ್ ಇಳಿಯುತ್ತವೆ, ತೊಗರಿ ಹೊಲಕ್ಕೆ ನೀರು ಬಿಡಲು ಯಾರೂ ಹೋಗುವುದಿಲ್ಲ. ಮರುದಿನದ ಬೇಡಿಕೆಯೂ ಒಂದೇ: ‘ಬೋನು ಇಡ್ರಿ, ಹಿಡದು ದೂರ ಬಿಟ್ಟು ಬರ್ರಿ.’ ಆದರೆ ಆ ಪ್ರಾಣಿ ಎಲ್ಲಿಂದ ಬಂತು, ಎಷ್ಟು ದೂರ ತಿರುಗುತ್ತದೆ, ದೂರ ಬಿಟ್ಟರೆ ಅಲ್ಲೇ ಇರುತ್ತದೆಯೇ? ಇದಕ್ಕೆ ವಿಜ್ಞಾನಿಗಳು ಉತ್ತರ ಹುಡುಕಿದ್ದಾರೆ. ಆ ಉತ್ತರ ನಮ್ಮ ತಾಲ್ಲೂಕುಗಳಿಗೂ ಬೇಕಾದದ್ದು.

ವಾಸವ್ಯಾಪ್ತಿ ಅಂದ್ರೆ ಏನು?

ಸೇಡಂನ ಒಬ್ಬ ಕಿರಾಣಿ ಅಂಗಡಿಯವರನ್ನೇ ತೆಗೆದುಕೊಳ್ಳಿ. ಮನೆ, ಅಂಗಡಿ, ಚಹಾ ಹೋಟೆಲ್, ಗುಡಿ, ವಾರಕ್ಕೊಮ್ಮೆ ಮಾಲು ತರಲು ಕಲಬುರಗಿ. ತಿಂಗಳೆಲ್ಲ ಅವರು ಹೋದ ಜಾಗಗಳನ್ನು ನಕ್ಷೆಯಲ್ಲಿ ಗುರುತು ಮಾಡಿದರೆ ಅವರ ‘ವಾಸವ್ಯಾಪ್ತಿ’ ಸಿಗುತ್ತದೆ. ಪ್ರಾಣಿಗೂ ಅಷ್ಟೇ. ಮೇವು ಅಥವಾ ಬೇಟೆ, ನೀರು, ಜೋಡಿ, ಮರಿ ಬಚ್ಚಿಡುವ ಜಾಗ ಇವಿಷ್ಟಕ್ಕಾಗಿ ಅದು ನಿತ್ಯ ತಿರುಗುವ ಪ್ರದೇಶವೇ ವಾಸವ್ಯಾಪ್ತಿ. 1943ರಲ್ಲಿ ಅಮೆರಿಕದ ವಿಲಿಯಂ ಬರ್ಟ್ ಎಂಬ ವಿಜ್ಞಾನಿ ಕೊಟ್ಟ ವಿವರಣೆ ಇಂದಿಗೂ ಬಳಕೆಯಲ್ಲಿದೆ. ಯಾವಾಗಲೋ ಒಮ್ಮೆ ಹೊರಗೆ ಹೋಗಿಬಂದ ಜಾಗ ಲೆಕ್ಕಕ್ಕಿಲ್ಲ ಎನ್ನುತ್ತಾನೆ ಅವನು.

ಈ ವ್ಯಾಪ್ತಿಯೊಳಗೆ ಬೇರೆಯವರು ಬರದಂತೆ ಕಾಯುವ ಜಾಗ ಇದ್ದರೆ ಅದು ‘ಗಡಿ’. ಮೂತ್ರ ಸಿಂಪಡಿಸಿ, ಮರ ಪರಚಿ, ಕೂಗಿ ಆ ಗಡಿ ಹೇಳುತ್ತವೆ.

ಲೆಕ್ಕ ಹಾಕುವ ಬಗೆ

ಮೊದಲು ಹೆಜ್ಜೆ ಗುರುತು, ಹಿಕ್ಕೆ ನೋಡಿ ಅಂದಾಜು ಮಾಡುತ್ತಿದ್ದರು. ಆಮೇಲೆ ರೇಡಿಯೋ ಕಾಲರ್ ಬಂತು. ಪ್ರಾಣಿಗೆ ಮತ್ತು ಬರಿಸಿ ಕೊರಳಿಗೆ ಪಟ್ಟಿ ಕಟ್ಟಿ, ಆಂಟೆನಾ ಹಿಡಿದು ಅದರ ಸದ್ದು ಹುಡುಕುತ್ತಾ ಓಡಾಡುವುದು. ನಮ್ಮ ರಾಜ್ಯದ ನಾಗರಹೊಳೆಯಲ್ಲಿ 1990ರ ದಶಕದಲ್ಲೇ ಡಾ. ಕೆ. ಉಲ್ಲಾಸ ಕಾರಂತರು ಹುಲಿಗಳಿಗೆ ಇಂಥ ಕಾಲರ್ ಹಾಕಿದ್ದರು. ಈಗ ಜಿಪಿಎಸ್ ಕಾಲರ್ ಇದೆ. ಕೆಲವು ಗಂಟೆಗೊಮ್ಮೆ ಪ್ರಾಣಿ ಇರುವ ಜಾಗ ಉಪಗ್ರಹದ ಮೂಲಕ ಕಂಪ್ಯೂಟರ್‌ಗೆ ಬರುತ್ತದೆ.

ಇನ್ನೊಂದು ದಾರಿ ಕ್ಯಾಮೆರಾ ಟ್ರ್ಯಾಪ್. ಕಾಲುದಾರಿಯ ಎರಡೂ ಬದಿ ಕ್ಯಾಮೆರಾ ಕಟ್ಟಿದರೆ ಹಾದು ಹೋದ ಪ್ರಾಣಿಯ ಎರಡೂ ಮೈ ಫೋಟೋ ಬೀಳುತ್ತದೆ. ಚಿರತೆಯ ಚುಕ್ಕೆ, ಹುಲಿಯ ಪಟ್ಟೆ ನಮ್ಮ ಹೆಬ್ಬೆಟ್ಟಿನ ಗುರುತಿನಂತೆ, ಒಂದರದು ಇನ್ನೊಂದಕ್ಕೆ ಇರೋದಿಲ್ಲ.

ಸಿಕ್ಕ ಗುರುತುಗಳಲ್ಲಿ ಎಲ್ಲಕ್ಕಿಂತ ಹೊರಗಿನವಕ್ಕೆ ದಾರ ಸುತ್ತಿದಂತೆ ಗೆರೆ ಎಳೆಯುವುದು ಹಳೆಯ ಪದ್ಧತಿ. ಇದರಲ್ಲಿ ಒಂದು ತೊಡಕಿದೆ. ನಮ್ಮ ಅಂಗಡಿಯವರು ಒಮ್ಮೆ ತುಳಜಾಪುರಕ್ಕೆ ಹೋಗಿಬಂದರೆ ನಡುವಿನ ಊರೆಲ್ಲ ಅವರ ವ್ಯಾಪ್ತಿ ಅಂತಾಗಿಬಿಡುತ್ತದೆ! ಅದಕ್ಕೇ ಈಗ ಎಲ್ಲಿ ಹೆಚ್ಚು ಹೊತ್ತು ಕಳೆಯಿತು ಎಂದು ನೋಡಿ, ನಟ್ಟನಡುವಿನ ‘ಮುಖ್ಯ ಜಾಗ’ವನ್ನು ಬೇರೆಯಾಗಿ ಗುರುತಿಸುತ್ತಾರೆ.

ಹೊಲದಲ್ಲೇ ಬದುಕುವ ಚಿರತೆ

ಮಹಾರಾಷ್ಟ್ರದ ಆಗಿನ ಅಹ್ಮದ್‌ನಗರ ಜಿಲ್ಲೆಯ ಅಕೋಲೆ ಕಡೆ ಡಾ. ವಿದ್ಯಾ ಅತ್ರೇಯ ಮತ್ತು ಸಂಗಡಿಗರು ಚಿರತೆಗಳಿಗೆ ಜಿಪಿಎಸ್ ಕಾಲರ್ ಹಾಕಿ ನೋಡಿದರು. ಕೆಲವು ಚಿರತೆಗಳ ವ್ಯಾಪ್ತಿ ಬರೀ 8ರಿಂದ 15 ಚದರ ಕಿ.ಮೀ. ಹಗಲು ಬೆಳೆಯಲ್ಲಿ ಮಲಗಿ, ರಾತ್ರಿ ಜನ ಮಲಗಿದ ಮೇಲೆ ಮನೆಗಳ 25 ಮೀಟರ್ ಒಳಗೂ ಬಂದು ಹೋಗುತ್ತಿದ್ದವು. ಜನರ ಓಡಾಟ ಇರುವ ಹೊತ್ತು ಮಾತ್ರ ದೂರವೇ ಇರುತ್ತಿದ್ದವು.

ಇನ್ನು ಹಿಡಿದು ದೂರ ಬಿಟ್ಟರೆ? 2009ರಲ್ಲಿ ಅದೇ ಜಿಲ್ಲೆಯಲ್ಲಿ ಬಾವಿಗೆ ಬಿದ್ದ ಗಂಡು ಚಿರತೆಗೆ ಕಾಲರ್ ಹಾಕಿ ಮಾಳಶೇಜ್ ಘಾಟಿನಲ್ಲಿ ಬಿಟ್ಟರು. ವಯಸ್ಸಾದದ್ದೆಂದು ‘ಆಜೋಬಾ’, ನಮ್ಮ ಮಾತಲ್ಲಿ ‘ಮುತ್ಯಾ’, ಅಂತ ಹೆಸರಿಟ್ಟಿದ್ದರು. ಮುತ್ಯಾ ಹೆದ್ದಾರಿ, ರೈಲ್ವೆ ಹಳಿ ದಾಟಿ ಸುಮಾರು 120 ಕಿ.ಮೀ. ನಡೆದು ಮುಂಬೈನ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನಕ್ಕೆ ಹೋದ. ದಾರಿಯಲ್ಲಿ ಯಾರಿಗೂ ಏನೂ ಮಾಡಲಿಲ್ಲ.

ಆದರೆ ಎಲ್ಲ ಕಡೆ ಹೀಗೆ ಸಲೀಸಾಗಿ ಮುಗಿಯಲಿಲ್ಲ. ಪುಣೆ ಜಿಲ್ಲೆಯ ಜುನ್ನರ್‌ನಲ್ಲಿ 2001ರಿಂದ ಚಿರತೆಗಳನ್ನು ಹಿಡಿದು ಬೇರೆಡೆ ಬಿಡುವ ಕೆಲಸ ಜೋರಾಗಿ ನಡೆಯಿತು. ವರ್ಷಕ್ಕೆ ಸರಾಸರಿ 4 ಇದ್ದ ಮನುಷ್ಯರ ಮೇಲಿನ ದಾಳಿ 17ಕ್ಕೆ ಏರಿತು. ಗೊತ್ತಿಲ್ಲದ ಜಾಗದಲ್ಲಿ ಬಿಟ್ಟ ಪ್ರಾಣಿಗೆ ನೀರೆಲ್ಲಿ, ಬೇಟೆ ಎಲ್ಲಿ, ಜನ ಯಾವಾಗ ಓಡಾಡುತ್ತಾರೆ ಒಂದೂ ತಿಳಿಯದು. ಖಾಲಿಯಾದ ಜಾಗಕ್ಕೆ ಇನ್ನೊಂದು ಚಿರತೆ ಬರುವುದೂ ಉಂಟು.

ನಮ್ಮ ಕಡೆ ಇದರ ಅರ್ಥ

2011ರಲ್ಲಿ ಘೋಷಣೆಯಾದ ಚಿಂಚೋಳಿ ವನ್ಯಜೀವಿಧಾಮದ ವಿಸ್ತೀರ್ಣ ಸುಮಾರು 135 ಚದರ ಕಿ.ಮೀ. ಬಯಲಿನ ತೋಳದ ಒಂದು ಹಿಂಡಿಗೆ ಸುಮಾರು 150ರಿಂದ 300 ಚದರ ಕಿ.ಮೀ. ಬೇಕೆಂದು ದೇಶದ ಅಧ್ಯಯನಗಳು ಹೇಳುತ್ತವೆ. ಅಂದರೆ ಒಂದೇ ಹಿಂಡಿಗೂ ಧಾಮ ಸಾಲದು. ತೋಳ, ಕತ್ತೆಕಿರುಬ, ಚಿಗರಿ ನಮ್ಮ ಬೀಳು ಭೂಮಿ, ಹಳ್ಳದ ದಂಡೆ, ತಾಂಡಾದ ಆಸುಪಾಸು ಹಾದು ಹೋಗಲೇಬೇಕು. ಅವಕ್ಕೆ ತಾಲ್ಲೂಕಿನ ಗಡಿಯೂ ಗೊತ್ತಿಲ್ಲ, ಆಚೆಯ ತೆಲಂಗಾಣವೂ ಗೊತ್ತಿಲ್ಲ. ವಾಡಿ, ಶಹಾಬಾದ್, ಚಿತ್ತಾಪುರ ಭಾಗದಲ್ಲಿ ಕಲ್ಲಿನ ಗಣಿ, ರೈಲು ಹಳಿ, ಸಿಮೆಂಟ್ ಲಾರಿ ಓಡುವ ರಸ್ತೆ ಇಂಥ ದಾರಿಗಳನ್ನು ತುಂಡು ಮಾಡುತ್ತವೆ. ಮುಂಬೈ ಮುಟ್ಟಿದ ಆಜೋಬಾ ಕೂಡ ಕೊನೆಗೆ 2011ರಲ್ಲಿ ಸತ್ತದ್ದು ರಸ್ತೆಯಲ್ಲಿ, ವಾಹನಕ್ಕೆ ಸಿಕ್ಕು.

ಹಾಗಂತ ಕುರಿ ಕಳೆದುಕೊಂಡವರ ನಷ್ಟ ಸಣ್ಣದಲ್ಲ. ಮಾಡಬೇಕಾದದ್ದು ಇಷ್ಟು:

- ಪ್ರಾಣಿ ಕಂಡರೆ ಗುಂಪು ಕಟ್ಟಿ ಅಟ್ಟಬೇಡಿ, ಹೋಗಲು ದಾರಿ ಬಿಡಿ. ಸುತ್ತುವರಿದಾಗಲೇ ಅದು ಮೈಮೇಲೆ ಬರೋದು.
- ರಾತ್ರಿ ಕುರಿ, ಕರುಗಳನ್ನು ಮೇಲೆ ಮುಚ್ಚಿದ ಗಟ್ಟಿ ಕೊಟ್ಟಿಗೆಯಲ್ಲಿ ಕಟ್ಟಿ.
- ಮಾಂಸದಂಗಡಿ, ಹೋಟೆಲ್‌ನ ಕಸ ಊರ ಹೊರಗೆ ಸುರಿಯಬೇಡಿ. ಕಸಕ್ಕೆ ನಾಯಿ ಸೇರುತ್ತವೆ, ನಾಯಿಗೆ ಚಿರತೆ ಬರುತ್ತದೆ.
- ಹೊಲದ ಬೇಲಿಗೆ ಕರೆಂಟ್ ಬಿಡಬೇಡಿ. ಅದು ಅಪರಾಧ, ಮನುಷ್ಯರೂ ಸಾಯುತ್ತಾರೆ.
- ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ತಿಳಿಸಿ. ಸಾಕುಪ್ರಾಣಿ ಸತ್ತರೆ ಜಾಗ ಬದಲಿಸದೆ ಫೋಟೋ ತೆಗೆದಿಡಿ, ಪರಿಹಾರದ ಅರ್ಜಿಗೆ ಬೇಕಾಗುತ್ತದೆ.

ಮುಂದಿನ ಸಲ ‘ಚಿರತೆ ಬಂದದ’ ಅಂತ ಮೆಸೇಜ್ ಬಂದಾಗ, ಫಾರ್ವರ್ಡ್ ಮಾಡುವ ಮೊದಲು ಒಂದು ಮಾತು ನೆನಪಿರಲಿ. ಅದು ಇವತ್ತೇ ಬಂದದ್ದು ಅಂತೇನಿಲ್ಲ. ಎಷ್ಟೋ ದಿನದಿಂದ ಇಲ್ಲೇ ತಿರುಗುತ್ತಿದ್ದುದು ಇವತ್ತು ನಮ್ಮ ಕಣ್ಣಿಗೆ ಬಿದ್ದಿರಲೂಬಹುದು.