ನೆಟ್ ಸ್ಲೋನಾ? ಪ್ಲಾನ್ ಬದಲಿಸೋ ಮುಂಚೆ ಗೋಡೆ ಮೇಲಿನ ಹಳೇ ಫೋನ್ ವೈರ್ ನೋಡಿ

ಕಳೆದ ಎಪಿಸೋಡ್ ಎರಡು ದಿನ ಲೇಟಾಗಿ ಬಂತಲ್ಲ, ಅದಕ್ಕೆ ಕಾರಣ ಮಧುಗಿರಿಯ ನಮ್ಮನೆ ಗೋಡೆ. ತಮಾಷೆ ಅಲ್ಲ.

ನಮ್ಮನೇಲಿ ಇನ್ನೂ ಲ್ಯಾಂಡ್‌ಲೈನ್ ತಂತಿಯಲ್ಲೇ ನೆಟ್ ಬರೋದು. 8 ಎಂಬಿಪಿಎಸ್ ಪ್ಲಾನ್, ಸಿಗ್ತಾ ಇದ್ದದ್ದು ಒಂದೂವರೆ. ಮಳೆ ಬಂದ್ರೆ ಅದೂ ಇಲ್ಲ. ತಂಗಿಯ ಆನ್‌ಲೈನ್ ಇಂಟರ್‌ವ್ಯೂ ಮೂರು ಸಲ ಕಟ್ ಆಯ್ತು, ಆ ಕೆಲಸ ಅವಳಿಗೆ ಸಿಗಲಿಲ್ಲ. ನಾನೋ, ಲೆಕ್ಕ ಓದಿದವನು, ದೊಡ್ಡ ಪ್ಲಾನ್ ಹಾಕಿಸಿ ಐದು ತಿಂಗಳು ಜಾಸ್ತಿ ದುಡ್ಡು ಕಟ್ಟಿದೆ. ಸ್ಪೀಡ್ ಅಷ್ಟೇ. ಸುಮ್ಮನೆ ಹಳೇ ಪ್ಲಾನ್‌ಗೇ ವಾಪಸ್ ಬಂದೆ.

ವಿಷಯ ಇಷ್ಟೇ. 2005ರಲ್ಲಿ ಬಿಎಸ್‌ಎನ್‌ಎಲ್ ಬ್ರಾಡ್‌ಬ್ಯಾಂಡ್ ಶುರುವಾದಾಗ ಬಳಸಿದ್ದು ಮನೆಗಳಿಗೆ ಆಗಲೇ ಎಳೆದಿದ್ದ ಫೋನ್ ತಂತಿಯನ್ನೇ. ಮಾತಿಗೆ 4 ಕಿಲೋಹರ್ಟ್ಸ್ ಒಳಗೆ ಸಾಕು. ಎಡಿಎಸ್‌ಎಲ್ 2 ಪ್ಲಸ್ ನೆಟ್ ಅದೇ ತಂತಿಯಲ್ಲಿ 2.2 ಮೆಗಾಹರ್ಟ್ಸ್‌ವರೆಗೂ ಓಡುತ್ತೆ. ಹಾಗಾಗಿ ಜಾಯಿಂಟ್ ಕಿಲುಬು ಹಿಡಿದಿದ್ರೂ ಅಜ್ಜಿ ಜೊತೆ ಆರಾಮಾಗಿ ಮಾತಾಡಬಹುದು, ವಿಡಿಯೋ ಮಾತ್ರ ಓಡಲ್ಲ.

ನಮ್ಮಪ್ಪ ಆ ಕಾಲದಲ್ಲಿ ಹಾಲ್, ಅಡುಗೆಮನೆ, ಮಹಡಿ ಮೂರೂ ಕಡೆ ಪ್ಯಾರಲಲ್ ಫೋನ್ ಹಾಕಿಸಿದ್ರು. ಫೋನ್‌ಗಳು ಹೋದವು, ತಂತಿಗಳು ಉಳಿದವು. ಸಿಗ್ನಲ್ ಆ ಖಾಲಿ ತುದಿವರೆಗೂ ಹೋಗಿ, ಗೋಡೆಗೆ ಬಡಿದ ಚೆಂಡಿನ ಹಾಗೆ ವಾಪಸ್ ಬಂದು, ಅಸಲಿ ಸಿಗ್ನಲ್ ಜೊತೆ ಬೆರೆತು ಅದನ್ನ ಕೆಡಿಸುತ್ತೆ.

ಪತ್ತೆ ಮಾಡೋದು ಹೀಗೆ: ಬೀದಿ ತಂತಿ ಮನೆಗೆ ಬರೋ ಮೊದಲ ರೋಸೆಟ್ ಬಾಕ್ಸ್‌ನಲ್ಲಿ, ಒಳಗಡೆಗೆ ಹೋಗೋ ಎಲ್ಲ ತಂತಿ ಬಿಚ್ಚಿ, ಮೋಡೆಮ್ ಅಲ್ಲೇ ಸಿಕ್ಕಿಸಿ. (ಗುಡುಗು ಸಿಡಿಲು ಇದ್ದಾಗ ಬೇಡ. ಫೋನ್ ರಿಂಗ್ ಆಗುವಾಗಲೂ ತಂತಿ ಮುಟ್ಟಬೇಡಿ, ಕೈ ಜುಮ್ಮನ್ನುತ್ತೆ.) ಲ್ಯಾಪ್‌ಟಾಪ್‌ಗೆ ಲ್ಯಾನ್ ಕೇಬಲ್ ಹಾಕಿ ಸ್ಪೀಡ್ ನೋಡಿ. ವೈಫೈನಲ್ಲಿ ನೋಡಿದ್ರೆ ತಪ್ಪು ತಂತಿದೋ ವೈಫೈದೋ ಗೊತ್ತಾಗಲ್ಲ. ಆಮೇಲೆ ಮೋಡೆಮ್ ಪೇಜ್ ತೆರೆಯಿರಿ, ಸಾಮಾನ್ಯವಾಗಿ 192.168.1.1. ಅಲ್ಲಿ ಎಸ್‌ಎನ್‌ಆರ್ ಮಾರ್ಜಿನ್ ಅಂತ ಇರುತ್ತೆ. 6 ಡೆಸಿಬಲ್‌ಗಿಂತ ಕಮ್ಮಿ ಇದ್ರೆ ಲೈನ್ ಕಟ್ ಆಗ್ತಾನೇ ಇರುತ್ತೆ, 10 ದಾಟಿದ್ರೆ ನೆಮ್ಮದಿ. ನಮ್ಮದು 5 ಇತ್ತು, ಹಳೇ ತಂತಿ ಬಿಚ್ಚಿದ ಮೇಲೆ 12. ಸ್ಪೀಡ್ ಏಳರ ಮೇಲೆ ಬಂತು. ಲ್ಯಾಂಡ್‌ಲೈನ್ ಫೋನೂ ಬೇಕಂದ್ರೆ ಅದೇ ಬಾಕ್ಸ್‌ನಿಂದ ಸ್ಪ್ಲಿಟರ್ ಮೂಲಕ ಕೊಡಿ.

ಕೊರಟಗೆರೆ, ಪಾವಗಡ ಕಡೆ ತೋಟದ ಮನೆಯವರಿಗೆ ಒಂದು ಮಾತು. ತಾಮ್ರದ ತಂತಿಯಲ್ಲಿ ದೂರ ಹೆಚ್ಚಿದಷ್ಟೂ ಸ್ಪೀಡ್ ಇಳಿಯುತ್ತೆ. ಎಕ್ಸ್‌ಚೇಂಜ್ ಪಕ್ಕ 24 ಎಂಬಿಪಿಎಸ್‌ವರೆಗೂ ಸಾಧ್ಯ, ಐದು ಕಿಲೋಮೀಟರ್ ಆಚೆ ಒಂದೆರಡು ಸಿಕ್ಕರೆ ಹೆಚ್ಚು. ಮೊದಲ ಬಾಕ್ಸ್‌ನಲ್ಲೂ ಸ್ಲೋ ಅಂದ್ರೆ ತಪ್ಪು ಮನೆಯೊಳಗಿಲ್ಲ. ಕಂಪ್ಲೇಂಟ್ ಕೊಡುವಾಗ ಆ ಡೆಸಿಬಲ್ ನಂಬರೂ ಹೇಳಿ.

ಶಿರಾದಿಂದ ಒಬ್ಬರು ಕೇಳಿದ್ರು, ಫೈಬರ್ ಬಂದಿದೆ, ಮಹಡಿಗೆ ಹಳೇ ಫೋನ್ ತಂತಿಯಲ್ಲೇ ನೆಟ್ ಒಯ್ಯಬಹುದಾ ಅಂತ. ಬೇಡ. ಲ್ಯಾನ್‌ಗೆ ಕನಿಷ್ಠ ಎರಡು ಜೋಡಿ ತಂತಿ ಬೇಕು, ಹಳೇ ಫೋನ್ ವೈರ್‌ನಲ್ಲಿ ಸಾಮಾನ್ಯವಾಗಿ ಇರೋದು ಒಂದೇ ಜೋಡಿ. ಕ್ಯಾಟ್ 6 ಕೇಬಲ್ ಎಳೆಸಿಬಿಡಿ.