ಗಲೀಜು, ಗೋಜಲು, ಗಡಿಬಿಡಿ

ಅಚ್ಚುಕಟ್ಟನ್ನು ಹೊಗಳಲು ಕನ್ನಡ ಹೆಚ್ಚು ಮಾತು ಖರ್ಚು ಮಾಡುವುದಿಲ್ಲ. ಓರಣ, ಒಪ್ಪ, ಚೊಕ್ಕಟ, ಈಚೆಗೆ ಬಂದ ನೀಟು, ಇಷ್ಟರಲ್ಲಿ ಕೆಲಸ ನಡೆಯುತ್ತದೆ. ಅದು ಕೆಟ್ಟಾಗ ಮಾತ್ರ ಪದಗಳಿಗೆ ಬರವಿಲ್ಲ: ಕಸ, ಕೊಳೆ, ಹೊಲಸು, ಗಬ್ಬು, ರಾಡಿ, ಕೊಚ್ಚೆ, ಗಲೀಜು, ಚೆಲ್ಲಾಪಿಲ್ಲಿ, ಗೋಜಲು, ಸಿಕ್ಕು, ಕಗ್ಗಂಟು, ಗಡಿಬಿಡಿ, ಗೊಂದಲ, ಅಧ್ವಾನ, ಎಡವಟ್ಟು, ಅವಾಂತರ, ರಂಪ, ರಾದ್ಧಾಂತ, ಫಜೀತಿ. ಪಟ್ಟಿ ಇಲ್ಲಿಗೆ ಮುಗಿಯುವುದೂ ಇಲ್ಲ. ಇವುಗಳಲ್ಲಿ ಕೆಲವು ಅಚ್ಚಗನ್ನಡದವು, ಕೆಲವು ಸಂಸ್ಕೃತದವು, ಮರಾಠಿ ಹಿಂದೂಸ್ತಾನಿಗಳ ಜೊತೆ ಹಂಚಿಕೊಂಡವು ಕೆಲವು. ಅರಬಸ್ತಾನದಿಂದ ಹೊರಟು ಪರ್ಷಿಯಾ, ದೆಹಲಿ, ವಿಜಾಪುರಗಳನ್ನು ಸುತ್ತಿ ಬಂದವೂ ಇವೆ.

ಒಂದೊಂದು ಪದಕ್ಕೂ ಒಂದೊಂದು ಕೆಲಸವಿದೆ. ಬೆಂಗಳೂರಿನಿಂದ ತುಮಕೂರು ರಸ್ತೆ ಹಿಡಿದು ಪೀಣ್ಯ, ದಾಸರಹಳ್ಳಿ, ನಾಗಸಂದ್ರ, ಮಾದಾವರ ದಾಟಿದರೆ ಮಾಕಳಿ. ಈ ದಾರಿಯ ಇಕ್ಕೆಲದ ಯಾವುದಾದರೂ ಸಣ್ಣ ಲೇತ್ ಶೆಡ್ಡನ್ನು ನೋಡಿದರೆ ಈ ಪದಗಳ ಹಂಚಿಕೆ ತಿಳಿಯುತ್ತದೆ. ಲೇತಿನಿಂದ ಉದುರಿದ ಕಬ್ಬಿಣದ ಸುರುಳಿಗಳು ಒಂದಕ್ಕೊಂದು ಹೆಣೆದುಕೊಂಡು ಗೋಜಲಾಗಿರುತ್ತವೆ. ಸ್ಪ್ಯಾನರ್, ಗೇಜು, ಡ್ರಿಲ್ ಬಿಟ್ಟುಗಳು ಬೆಂಚಿನ ಮೇಲೆ ಚೆಲ್ಲಾಪಿಲ್ಲಿ. ಕೂಲೆಂಟ್ ಚೆಲ್ಲಿ ಅದರ ಮೇಲೆ ಧೂಳು ಕೂತ ನೆಲ ಗಲೀಜು. ಬಾಗಿಲಾಚೆ ಮಳೆನೀರು ನಿಂತು ಲಾರಿಯ ಚಕ್ರ ಆಡಿದ ಜಾಗ ರಾಡಿ. ಸಂಜೆಗೆ ಹೋಗಬೇಕಾದ ಮಾಲು ಇರುವಾಗ ಮಧ್ಯಾಹ್ನ ಕರೆಂಟು ಕೈಕೊಟ್ಟರೆ ಗಡಿಬಿಡಿ. ಆ ಗಡಿಬಿಡಿಯಲ್ಲಿ ಅಳತೆ ತಪ್ಪಿದರೆ ಎಡವಟ್ಟು. ಮಾಲು ವಾಪಸು ಬಂದ ದಿನ ಮಾಲೀಕ ಮಾಡುವುದು ರಂಪ. ಎಲ್ಲ ಸೇರಿ ಕೈಮೀರಿದಾಗ ಕೆಲಸಗಾರರ ಬಾಯಲ್ಲಿ ಬರುವ ಮಾತು ನಿಘಂಟಿನದಲ್ಲ. ‘ಎಕ್ಕುಟ್ಟೋಯ್ತು’ ಎಂದು ಕೈಚೆಲ್ಲುತ್ತಾರೆ. ಇಂಗ್ಲಿಷಿನವನು ಇದರಲ್ಲಿ ಮುಕ್ಕಾಲು ಪಾಲನ್ನು ‘ಮೆಸ್’ ಎಂಬ ಒಂದೇ ಪದದಲ್ಲಿ ಮುಗಿಸಿಬಿಡುತ್ತಾನೆ.

ಪದಗಳ ನಡುವಿನ ಗೆರೆ ಎಲ್ಲಿದೆ ಎಂಬುದನ್ನು ಅವುಗಳ ಜೊತೆಗೆ ಬರುವ ಕ್ರಿಯಾಪದವೇ ಹೇಳುತ್ತದೆ. ಕಸವನ್ನು ಗುಡಿಸಬೇಕು, ಕೊಳೆಯನ್ನು ತೊಳೆಯಬೇಕು, ಸಿಕ್ಕನ್ನು ಬಿಡಿಸಬೇಕು, ಚೆಲ್ಲಾಪಿಲ್ಲಿಯಾದದ್ದನ್ನು ಎತ್ತಿಡಬೇಕು. ಆಗತಾನೆ ಒಗೆದು ಒಣಗಿಸಿದ ಬಟ್ಟೆಯ ರಾಶಿ ಮಂಚದ ತುಂಬ ಹರಡಿಕೊಂಡಿದ್ದರೂ ಅದನ್ನು ಯಾರೂ ಗಲೀಜು ಎನ್ನುವುದಿಲ್ಲ. ಸಾಲಾಗಿ ಜೋಡಿಸಿಟ್ಟ ಎಂಜಲು ತಟ್ಟೆಗಳು ಗಲೀಜೇ ಹೊರತು ಚೆಲ್ಲಾಪಿಲ್ಲಿಯಲ್ಲ. ಕಾರ್ಖಾನೆಗಳ ಗೋಡೆಯ ಮೇಲೆ ಕಾಣುವ ‘ಫೈವ್ ಎಸ್’ ಬೋರ್ಡಿನ ಹಿಂದಿರುವ ಜಪಾನೀ ಪದ್ಧತಿಯೂ ಇದೇ ಗೆರೆಯನ್ನು ಎಳೆಯುತ್ತದೆ. ಅದರಲ್ಲಿ ಮೊದಲನೆಯದು ‘ಸೆಯ್‌ರಿ’, ಬೇಕಾದ್ದನ್ನೂ ಬೇಡವಾದ್ದನ್ನೂ ಬೇರ್ಪಡಿಸುವುದು. ಎರಡನೆಯದು ‘ಸೆಯ್‌ಟೊನ್’, ಉಳಿದದ್ದಕ್ಕೆ ಜಾಗ ಗೊತ್ತುಮಾಡುವುದು. ಗುಡಿಸಿ ಒರೆಸುವ ‘ಸೆಯ್‌ಸೊ’ ಬರುವುದು ಆಮೇಲೆ.

ಸಂಸ್ಕೃತದ ಪದಗಳಲ್ಲಿ ಎರಡರ ಗತಿ ವಿಚಿತ್ರವಾದದ್ದು. ರಾದ್ಧಾಂತವೆಂದರೆ ಮೂಲದಲ್ಲಿ ಸಿದ್ಧಾಂತ, ವಾದ ಮಾಡಿ ಸ್ಥಾಪಿಸಿದ ನಿರ್ಣಯ. ಕನ್ನಡದಲ್ಲಿ ಅದು ಬೀದಿಗೆ ಬಿದ್ದ ಜಗಳವಾಯಿತು. ಶಾಸ್ತ್ರಚರ್ಚೆಯ ಸದ್ದು ಹೊರಗಿನವರಿಗೆ ಹೇಗೆ ಕೇಳಿಸುತ್ತಿತ್ತೋ ಊಹಿಸಬಹುದು. ಅವಾಂತರಕ್ಕೆ ‘ನಡುವಿನದು, ಒಳಗಿನದು’ ಎಂಬ ಸಾಧು ಅರ್ಥವಿತ್ತು. ಈಗ ಅದು ಅನಾಹುತದ ತಮ್ಮ. ಗೊಂದಲದ್ದು ಇನ್ನೊಂದು ಬಗೆ. ಉತ್ತರ ಕರ್ನಾಟಕದಲ್ಲಿ ಗೊಂದಲಿಗರು ದೇವಿಯ ಹೆಸರಿನಲ್ಲಿ ಹಾಡಿ ಕುಣಿದು ರಾತ್ರಿಯಿಡೀ ನಡೆಸುವ ಆರಾಧನೆಗೂ ಗೊಂದಲವೆಂದೇ ಹೆಸರು. ಅಲ್ಲಿ ಗೊಂದಲ ಹಾಕಿಸುವುದು ಹರಕೆ, ದಕ್ಷಿಣದಲ್ಲಿ ಗೊಂದಲಕ್ಕೆ ಬೀಳುವುದು ಪೀಕಲಾಟ.

ಅವ್ಯವಸ್ಥೆಯ ಪದಗಳು ಹುಟ್ಟುವ ದೊಡ್ಡ ಜಾಗವೆಂದರೆ ಅಡುಗೆಮನೆ. ಮೇಲೋಗರ ಊಟದ ಪದಾರ್ಥ. ಅದನ್ನು ಕಲಸಿ ಏನೆಂದು ತಿಳಿಯದಂತೆ ಮಾಡಿದರೆ ಕಲಸುಮೇಲೋಗರ. ಯಾರದೋ ಯೋಜನೆ ಹಾಳಾದರೆ ‘ಚಿತ್ರಾನ್ನ ಆಯ್ತು’ ಎನ್ನುವುದು ಬೆಂಗಳೂರಿನ ಹುಡುಗರ ವಾಡಿಕೆ. ಇಂಗ್ಲಿಷಿನ ‘ಮೆಸ್’ ಕೂಡ ಹುಟ್ಟಿದ್ದು ಊಟದ ಮೇಜಿನ ಮೇಲೆ. ಹಳೆಯ ಫ್ರೆಂಚಿನಿಂದ ಬಂದಾಗ ಅದು ಬಡಿಸಿದ ಒಂದು ಖಾದ್ಯ. ಆಮೇಲೆ ಒಟ್ಟಿಗೆ ಕೂತು ಉಣ್ಣುವ ಗುಂಪು, ಇನ್ನೊಂದು ಕಡೆ ಪ್ರಾಣಿಗಳಿಗೆ ಕಲಸಿ ಹಾಕುವ ತಿನಿಸು, ಕೊನೆಗೆ ಎಲ್ಲ ಬಗೆಯ ಅಸ್ತವ್ಯಸ್ತ. ಕನ್ನಡಕ್ಕೆ ಬಂದದ್ದು ಊಟದ ಅರ್ಧ ಮಾತ್ರ: ಹಾಸ್ಟೆಲ್ಲಿನ ಮೆಸ್ಸು, ಕಾರ್ಖಾನೆಯ ಪಕ್ಕದ ಆಂಧ್ರ ಮೆಸ್ಸು. ಅರಬ್ಬಿಯಲ್ಲಿ ‘ಖಬೀಸ’ ಎಂದರೆ ಖರ್ಜೂರ, ತುಪ್ಪ ಬೆರೆಸಿ ಮಾಡಿದ ಸಿಹಿ. ಬೆರೆಸುವುದು ಎಂಬ ಧಾತುವಿನಿಂದಲೇ ಬಂದ ಆ ಹೆಸರು ಆಡುಮಾತಿನಲ್ಲಿ ಕಲಬೆರಕೆಯ ಅಧ್ವಾನಕ್ಕೂ ಸಲ್ಲುತ್ತದೆ. ಮೂರು ಭಾಷೆಗಳೂ ಒಬ್ಬರನ್ನೊಬ್ಬರು ಕೇಳದೆ ಒಂದೇ ಪಾತ್ರೆಗೆ ಕೈಹಾಕಿವೆ.

ಕಿವಿಯ ವಿಷಯದಲ್ಲೂ ಹಾಗೆಯೇ. ಚೆದುರಿದ್ದನ್ನು ಹೇಳುವಾಗ ಭಾಷೆಗೆ ಪ್ರಾಸ ಬೇಕಾಗುತ್ತದೆ. ಕನ್ನಡದಲ್ಲಿ ಚೆಲ್ಲಾಪಿಲ್ಲಿ, ಅಡ್ಡಾದಿಡ್ಡಿ, ಎರ್ರಾಬಿರ್ರಿ, ಗಡಿಬಿಡಿ. ಇಂಗ್ಲಿಷಿನಲ್ಲಿ ‘ಹಿಗಲ್ಡಿ ಪಿಗಲ್ಡಿ’, ‘ಹಾಜ್‌ಪಾಜ್’. ಅರಬ್ಬಿಯಲ್ಲಿ ‘ಶದರ ಮದರ’ ಎಂದರೆ ದಿಕ್ಕಾಪಾಲು, ‘ಹರ್ಜ್ ವ ಮರ್ಜ್’ ಎಂದರೆ ಗಲಭೆ, ‘ಹೈಸ ಬೈಸ’ ಎಂದರೆ ಬಿಡಿಸಿಕೊಳ್ಳಲಾಗದ ಪೇಚು. ಜೋಡಿಯ ಎರಡನೆಯ ತುಂಡಿಗೆ ಎಷ್ಟೋ ಸಲ ತನ್ನದೇ ಅರ್ಥವಿರುವುದಿಲ್ಲ. ಪಾತ್ರೆಗೀತ್ರೆ, ಪುಸ್ತಕಗಿಸ್ತಕ ಎನ್ನುವ ಕನ್ನಡಿಗನಿಗೆ ಇದನ್ನು ಬೇರೆ ಬಿಡಿಸಿ ಹೇಳಬೇಕಾಗಿಲ್ಲ.

ಮನೆಯ ಅವ್ಯವಸ್ಥೆಯಿಂದ ನಾಡಿನ ಅವ್ಯವಸ್ಥೆಗೆ ಬಂದರೆ ಮೂರು ಭಾಷೆಗಳ ಯೋಚನೆ ಇನ್ನಷ್ಟು ಹತ್ತಿರವಾಗುತ್ತದೆ. ರಾಜನಿಲ್ಲದ ಸ್ಥಿತಿ ಅರಾಜಕತೆ. ಗ್ರೀಕ್ ಮೂಲದ ‘ಅನಾರ್ಕಿ’ ಎಂದರೆ ಆಳುವವನಿಲ್ಲದಿರುವುದು. ಇಂದಿನ ಅರಬ್ಬಿ ಪತ್ರಿಕೆಗಳು ಗಲಭೆ, ಗೊಂದಲ ಎಲ್ಲಕ್ಕೂ ಬಳಸುವ ‘ಫೌದಾ’ ಹಳೆಯ ಅರಬ್ಬಿಯಲ್ಲಿ ಒಡೆಯನಿಲ್ಲದ ಜನಕ್ಕೆ ಹೇಳುತ್ತಿದ್ದ ಮಾತು. ಆಳುವವರೇ ಅವ್ಯವಸ್ಥೆ ಮಾಡಿದರೆ ಏನೆನ್ನಬೇಕೆಂದು ಈ ಮೂರೂ ಪದಗಳು ಹೇಳುವುದಿಲ್ಲ.

ಇಂಗ್ಲಿಷ್ ಪದಗಳ ಹಿಂದಿನ ಜೀವನವೂ ಕುತೂಹಲದ್ದೇ. ಬೀದಿಯ ಕಸಕ್ಕೆ ಹೇಳುವ ‘ಲಿಟರ್’ ಮೊದಲು ಹಾಸಿಗೆ, ಆಮೇಲೆ ದನದ ಕೊಟ್ಟಿಗೆಯಲ್ಲಿ ಹರಡುವ ಹುಲ್ಲು. ಪೂರ್ತಿ ಎಕ್ಕುಟ್ಟುಹೋದದ್ದಕ್ಕೆ ಹೇಳುವ ‘ಶಾಂಬಲ್ಸ್’ ಹಿಂದೆ ಮಾಂಸ ಮಾರುವ ಕಟ್ಟೆ. ‘ಜಂಕ್’ ಹಡಗಿನ ಹಳೆಯ ಹಗ್ಗದ ತುಂಡು. ಮಾಕಳಿ, ಪೀಣ್ಯದ ಕಡೆ ಇವು ಯಾವುವೂ ಬಳಕೆಗೆ ಬರಲಿಲ್ಲ. ಇಲ್ಲಿ ನಿಂತದ್ದು ದುಡ್ಡು ಹುಟ್ಟುವ ‘ಸ್ಕ್ರಾಪು’, ದುಡ್ಡು ಹುಟ್ಟದ ‘ವೇಸ್ಟು’. ಮೊದಲನೆಯದು ಗುಜರಿ ಅಂಗಡಿಗೆ, ಎರಡನೆಯದು ಕಸದ ಗಾಡಿಗೆ.

ಅರಬ್ಬಿ ಮೂಲದ ಪದಗಳು ಬಂದ ದಾರಿ ಮಾಕಳಿಯ ಮುಂದೆಯೇ ಹಾದುಹೋಗುತ್ತದೆ ಎಂದರೆ ಉತ್ಪ್ರೇಕ್ಷೆಯಾಗದು. ಇದೇ ಹೆದ್ದಾರಿ ನೆಲಮಂಗಲ, ತುಮಕೂರು ದಾಟಿ ಶಿರಾಕ್ಕೆ ಮುಟ್ಟುತ್ತದೆ. 1638ರಲ್ಲಿ ವಿಜಾಪುರದ ಸೇನೆ ಬೆಂಗಳೂರನ್ನು ಗೆದ್ದಿತು. 1687ರಲ್ಲಿ ಮೊಗಲರು ಶಿರಾವನ್ನು ತಮ್ಮ ಹೊಸ ಸುಬಾದ ಕೇಂದ್ರ ಮಾಡಿಕೊಂಡರು. ಆಮೇಲೆ ಹೈದರ್, ಟಿಪ್ಪು. ಟಿಪ್ಪುವಿನ ಕಾಲಕ್ಕೆ ಆಡಳಿತದ ಭಾಷೆ ಪಾರಸಿ. ಅರಬ್ಬಿಯ ಮಾತುಗಳು ನೇರವಾಗಿ ಬಂದವಲ್ಲ, ಪಾರಸಿ ಮತ್ತು ದಖನಿಯ ಬಾಯಲ್ಲಿ ಬಂದವು. ಕಾಯಿದೆಯನ್ನೂ ಬಂದೋಬಸ್ತನ್ನೂ ತಂದ ಕಚೇರಿಯೇ ತಕರಾರು, ಫಜೀತಿಗಳನ್ನೂ ತಂದಿತು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟೆಲರ ನಿಘಂಟು ಇಂಥ ಪದಗಳಿಗೆ ಹಿಂದೂಸ್ತಾನಿ ಮೂಲದ ಗುರುತು ಹಾಕುತ್ತದೆ.

ದಾರಿಯುದ್ದಕ್ಕೂ ಅವುಗಳ ಅರ್ಥ ಜರುಗಿತು. ಗಲೀಜನ್ನೇ ತೆಗೆದುಕೊಂಡರೆ, ಅರಬ್ಬಿಯಲ್ಲಿ ‘ಗಲೀಜ್’ ಎಂದರೆ ದಪ್ಪ, ಒರಟು, ಗಟ್ಟಿ. ಕುರ್‌ಆನ್‌ನಲ್ಲಿ ಮದುವೆಯ ಕರಾರು ಎಷ್ಟು ಬಲವಾದದ್ದು ಎಂದು ಹೇಳಲು ಬಳಸಿರುವ ವಿಶೇಷಣ ಇದೇ. ಪಾರಸಿ, ಉರ್ದುಗಳಲ್ಲಿ ಅದು ಹೊಲಸಿನ ಕಡೆ ತಿರುಗಿತು, ಕನ್ನಡಕ್ಕೆ ಬರುವಾಗ ಬರೀ ಕೊಳಕಷ್ಟೇ ಉಳಿದಿತ್ತು. ಕೊಳಕಿಗೆ ಅರಬ್ಬರು ಇಂದು ಆಡುವ ಪದ ‘ವಸಿಖ್’, ಅದು ಈ ಕಡೆ ಬರಲೇ ಇಲ್ಲ.

ಫಜೀತಿಯ ಮೂಲ ‘ಫದೀಹಾ’, ಮಾನ ಹರಾಜಾಗುವಂಥ ಹಗರಣ. ಅರಬ್ಬಿಯಲ್ಲಿ ಅದರ ಕಾವು ಇಂದಿಗೂ ಆರಿಲ್ಲ. ರಾಜಕಾರಣಿಗಳು ಅದರಿಂದ ಮನೆಗೆ ಹೋಗುತ್ತಾರೆ. ಕನ್ನಡದಲ್ಲಿ ಬಸ್ಸು ತಪ್ಪಿ, ಮೊಬೈಲು ಸತ್ತು, ಜೇಬಿನಲ್ಲಿ ಚಿಲ್ಲರೆಯಿಲ್ಲದೆ ನಿಂತರೆ ಅದೂ ಫಜೀತಿಯೇ. ‘ಹೈರಾನ್’ ಎಂದರೆ ದಿಗ್ಭ್ರಮೆಗೊಂಡವನು, ಕನ್ನಡದ ಹೈರಾಣಾದವನು ಬಳಲಿ ಬೆಂಡಾದವನು. ‘ತಕ್ರಾರ್’ ಎಂದರೆ ಪುನರಾವರ್ತನೆ. ಹೇಳಿದ್ದನ್ನೇ ಹೇಳುವುದು ಜಗಳಕ್ಕೆ ತಿರುಗುತ್ತದೆ ಎಂದು ಕಂಡುಕೊಂಡವರು ಯಾರೋ, ಅಂತೂ ಕನ್ನಡದ ತಕರಾರು ಅಲ್ಲಿಂದಲೇ ಬಂತು. ‘ರದ್ದ್’ ಅರಬ್ಬಿಯಲ್ಲಿ ಹಿಂತಿರುಗಿಸುವುದು. ಪತ್ರಕ್ಕೆ ಬರೆಯುವ ಉತ್ತರವೂ ರದ್ದ್. ಅದರಿಂದ ಆಫೀಸಿಗೆ ರದ್ದು ಬಂತು, ಮನೆಮೂಲೆಗೆ ರದ್ದಿ ಬಂತು. ಕಿಲೋ ಲೆಕ್ಕದಲ್ಲಿ ತೂಗಿ ಮಾರುವ ಹಳೆಯ ಪೇಪರು ಯಾವ ಕಾಗದಕ್ಕೂ ಉತ್ತರವಲ್ಲ.

ಇವೆಲ್ಲ ಮಾತಿನಲ್ಲಿ ಸವೆದ ಪದಗಳು. ಕಚೇರಿಯ ಕಾಗದದಲ್ಲಿ ಕೂತು ಬಿಗಿಯಾಗಿಯೇ ಉಳಿದದ್ದು ಖರಾಬು. ಅರಬ್ಬಿಯಲ್ಲಿ ‘ಖರಾಬ್’ ಎಂದರೆ ಪಾಳು, ಹಾಳುಬಿದ್ದ ಜಾಗ. ಹಿಂದೂಸ್ತಾನಿಯಲ್ಲಿ ಹಾಲಿನಿಂದ ಹವೆಯವರೆಗೆ ಕೆಟ್ಟದ್ದೆಲ್ಲವೂ ಖರಾಬ್. ಕರ್ನಾಟಕದ ಕಂದಾಯ ದಾಖಲೆಯಲ್ಲಿ ಅದಕ್ಕೆ ಕಟ್ಟುನಿಟ್ಟಾದ ಅರ್ಥವಿದೆ: ಸರ್ವೆ ನಂಬರಿನೊಳಗೆ ಇದ್ದರೂ ಸಾಗುವಳಿಗೆ ಸೇರದ, ಕಂದಾಯ ಹಾಕದ ನೆಲ. ಜನವಸತಿ ಇಲ್ಲದ ಊರನ್ನು ‘ಬೇಚರಾಕ್’ ಎಂದು, ಅಂದರೆ ದೀಪವಿಲ್ಲದ್ದು ಎಂದು, ಬರೆಯುವ ಅದೇ ದಫ್ತರದ ಭಾಷೆ ಇದು.

ದಾಸನಪುರ ಹೋಬಳಿಯ ಈ ಭಾಗದಲ್ಲಿ ಹೊಲಗಳು ಗೋದಾಮು, ಲೇಔಟುಗಳಾದ ಮೇಲೆ ಈ ಪದಕ್ಕೆ ಬೆಲೆ ಏರಿದೆ. 1966ರ ಕರ್ನಾಟಕ ಭೂಕಂದಾಯ ನಿಯಮಗಳು ಖರಾಬನ್ನು ಎರಡಾಗಿ ಒಡೆಯುತ್ತವೆ. ‘ಅ’ ಖರಾಬು ಬೇಸಾಯಕ್ಕೆ ಒದಗದ ನೆಲ. ಹಿಡುವಳಿದಾರನ ಕಣ, ತೋಟದ ಕಟ್ಟಡ ಇರುವ ಜಾಗವೂ ಇದರಲ್ಲೇ ಬರುತ್ತದೆ. ‘ಬ’ ಖರಾಬು ಸಾರ್ವಜನಿಕರದ್ದು: ರಸ್ತೆ, ಕಾಲುದಾರಿ, ಊರವರು ಬಳಸುವ ಕೆರೆ ತೊರೆ, ಸ್ಮಶಾನ. ಹೆಸರು ಒಂದೇ ಆದದ್ದರಿಂದ ಎರಡನ್ನೂ ‘ಸುಮ್ಮನೆ ಬಿದ್ದಿರುವ ಜಾಗ’ ಎಂದು ತೋರಿಸಿ ಮಾರುವವರಿಗೆ ಅನುಕೂಲವಾಗಿದೆ. ಪಹಣಿಯಲ್ಲಿ ಖರಾಬು ಎಂದು ಕಂಡರೆ ಮುಂಗಡ ಕೊಡುವ ಮೊದಲು ಅದು ‘ಅ’ನೋ ‘ಬ’ನೋ ನೋಡಿಕೊಳ್ಳಬೇಕು, ‘ಬ’ ಖರಾಬನ್ನು ಮಾರುವ ಹಕ್ಕು ಹಿಡುವಳಿದಾರನಿಗೆ ಇಲ್ಲ.