ಹಳೆಯ ಮೋಟಾರ್ ಸೈಕಲ್ಲಿನ ನಾಡಿ ಪರೀಕ್ಷೆ

ಮೈಸೂರಿನ ಬೀದಿಗಳಲ್ಲಿ ನಡೆಯುವಾಗ ಒಮ್ಮೊಮ್ಮೆ ಪರಿಚಿತವಾದ ಸದ್ದೊಂದು ಕಿವಿಗೆ ಬೀಳುತ್ತದೆ. ತಿರುಗಿ ನೋಡಿದರೆ, ಎರಡು ಸೈಲೆನ್ಸರುಗಳಿಂದ ತಿಳಿನೀಲಿ ಹೊಗೆ ಬಿಡುತ್ತ ಹಳೆಯ ಜಾವಾ ಅಥವಾ ಯೆಜ್ಡಿ ಮೋಟಾರ್ ಸೈಕಲ್ಲು ಸಾಗುತ್ತಿರುತ್ತದೆ. ಚೆಕೊಸ್ಲೊವಾಕಿಯದ ವಿನ್ಯಾಸವನ್ನು ಅನುಸರಿಸಿ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯು ೧೯೬೧ರಿಂದ ಇವನ್ನು ತಯಾರಿಸತೊಡಗಿತು. ೧೯೭೩ರಿಂದ ಇವಕ್ಕೆ ಯೆಜ್ಡಿ ಎಂಬ ಹೆಸರಾಯಿತು. ೧೯೯೬ರಲ್ಲಿ ಕಾರ್ಖಾನೆ ಮುಚ್ಚಿತು. ಆದುದರಿಂದ ಆ ಕಾರ್ಖಾನೆಯ ಯಾವ ಗಾಡಿಯನ್ನು ನಾವು ಕೊಂಡರೂ ಅದರ ವಯಸ್ಸು ಮೂವತ್ತರ ಆಸುಪಾಸಿನದು, ಇಲ್ಲವೆ ಅದನ್ನು ಮೀರಿದುದು.

ಹದಿನೆಂಟು ತುಂಬಿದ ತರುಣರಲ್ಲಿ ಅನೇಕರಿಗೆ ಇಂತಹ ಗಾಡಿಯ ಮೇಲೆ ಆಸೆ. ಕೂಡಿಟ್ಟ ಹಣವನ್ನು ಹಿಡಿದು ಹೋದರೆ, ಹೊಸ ಬಣ್ಣ ಬಳಿದು ಮಿರುಗುವಂತೆ ಉಜ್ಜಿದ ವಾಹನವು ಎದುರು ನಿಂತಿರುತ್ತದೆ. ಆದರೆ ಬೆಳ್ಳಗಿರುವುದೆಲ್ಲ ಹಾಲಲ್ಲ. ವೈದ್ಯನು ರೋಗಿಯ ಉಡುಪನ್ನು ನೋಡಿ ಔಷಧ ಕೊಡುವುದಿಲ್ಲ; ನಾಡಿ ಹಿಡಿದು ನೋಡುತ್ತಾನೆ. ಯಂತ್ರಕ್ಕೂ ನಾಡಿಯುಂಟು. ಅದನ್ನು ಹಿಡಿಯಲು ಬೇಕಾದ ವಿಜ್ಞಾನವು ಬಹುಮಟ್ಟಿಗೆ ನಮ್ಮ ಶಾಲೆಯ ಪಾಠಗಳಲ್ಲಿಯೇ ಇದೆ.

ಎಂಜಿನಿನ ಒಳಗೆ

ಮೊದಲು ಎಂಜಿನಿನ ರಚನೆಯನ್ನು ನೋಡೋಣ. ಹಳೆಯ ೨೫೦ ಸಿ.ಸಿ. ಜಾವಾದ ಸಿಲಿಂಡರಿನ ವ್ಯಾಸ ೬೫ ಮಿಲಿಮೀಟರು. ಪಿಸ್ಟನ್ನು ಚಲಿಸುವ ದೂರ ೭೫ ಮಿಲಿಮೀಟರು. ಇವುಗಳಿಂದ ಘನಫಲವನ್ನು ಲೆಕ್ಕ ಹಾಕಿದರೆ ಸುಮಾರು ೨೪೯ ಘನ ಸೆಂಟಿಮೀಟರು ಬರುತ್ತದೆ. ‘೨೫೦ ಸಿ.ಸಿ.’ ಎಂಬ ಮಾತಿನ ಅರ್ಥ ಇಷ್ಟೆ.

ಇದು ‘ಟೂ ಸ್ಟ್ರೋಕ್’ ಎಂಜಿನು. ಪಿಸ್ಟನ್ನು ಮೇಲೇರುವಾಗ ತನ್ನ ಮೇಲಿನ ಅನಿಲಮಿಶ್ರಣವನ್ನು ಒತ್ತುತ್ತದೆ. ಅದೇ ವೇಳೆಗೆ ಕೆಳಗಿನ ಕ್ರ್ಯಾಂಕ್ ಕೋಣೆಯೊಳಕ್ಕೆ ಹೊಸ ಮಿಶ್ರಣವನ್ನು ಎಳೆದುಕೊಳ್ಳುತ್ತದೆ. ಕಿಡಿ ಹಾರಿ ಪಿಸ್ಟನ್ನು ಕೆಳಗಿಳಿದಾಗ ಈ ಹೊಸ ಮಿಶ್ರಣವು ಮೇಲಕ್ಕೆ ನುಗ್ಗಿ, ಉರಿದ ಅನಿಲವನ್ನು ಹೊರದೂಡುತ್ತದೆ. ಕ್ರ್ಯಾಂಕ್ ಕೋಣೆಯು ಮಿಶ್ರಣದ ದಾರಿಯೇ ಆಗಿರುವುದರಿಂದ ಅಲ್ಲಿ ಎಣ್ಣೆಯನ್ನು ತುಂಬಿಡಲಾಗದು. ಆದುದರಿಂದ ಎಣ್ಣೆಯನ್ನು ಪೆಟ್ರೋಲಿಗೇ ಬೆರೆಸುತ್ತಾರೆ. ಲೀಟರಿಗೆ ಸುಮಾರು ೪೦ ಮಿಲಿಲೀಟರು. ಅದು ಉರಿಯುವುದರಿಂದಲೇ ನೀಲಿ ಹೊಗೆ. ಅಲ್ಪ ಹೊಗೆಯು ರೋಗವಲ್ಲ, ಈ ಎಂಜಿನಿನ ಸ್ವಭಾವ.

ರೋಗವಿರುವುದು ಬೇರೆಡೆ. ಕ್ರ್ಯಾಂಕ್ ಕೋಣೆಯು ಗಾಳಿ ನುಸುಳದಂತೆ ಭದ್ರವಾಗಿರಬೇಕು. ಅದನ್ನು ಕಾಯುವುವು ರಬ್ಬರಿನ ಆಯಿಲ್ ಸೀಲುಗಳು. ವರ್ಷಗಳು ಕಳೆದಂತೆ ಇವು ಗಡುಸಾಗಿ ಸೋರತೊಡಗುತ್ತವೆ. ಹೊರಗಿನ ಗಾಳಿ ಒಳನುಗ್ಗಿದರೆ ಮಿಶ್ರಣದಲ್ಲಿ ಪೆಟ್ರೋಲಿನ ಅಂಶ ತಗ್ಗಿ ಎಂಜಿನು ಅತಿಯಾಗಿ ಕಾಯುತ್ತದೆ. ಕೊನೆಗೆ ಪಿಸ್ಟನ್ನು ಹಿಗ್ಗಿ, ಓಡುತ್ತಿರುವಾಗಲೇ ಸಿಲಿಂಡರಿನಲ್ಲಿ ಕಚ್ಚಿಕೊಳ್ಳಬಹುದು. ಕ್ಲಚ್ಚಿನ ಕಡೆಯ ಸೀಲು ಸೋರಿದರೆ ಗೇರಿನ ಎಣ್ಣೆ ಎಂಜಿನಿನೊಳಕ್ಕೆ ಸೇರಿ ಉರಿಯುತ್ತದೆ.

ಐದು ಪರೀಕ್ಷೆಗಳು

ಒಂದು: ಎಂಜಿನು ತಣ್ಣಗಿರುವಾಗಲೇ ಹೋಗಬೇಕು. ಬಿಸಿಯಾದ ಎಂಜಿನಿನಲ್ಲಿ ಪೆಟ್ರೋಲು ಸುಲಭವಾಗಿ ಆವಿಯಾಗುವುದರಿಂದ ದೋಷವಿದ್ದರೂ ಅದು ಬೇಗ ಚಾಲೂ ಆಗುತ್ತದೆ.

ಎರಡು: ಕಿಕ್ ಹೊಡೆಯುವ ದಂಡವನ್ನು ಮೆಲ್ಲನೆ ಒತ್ತಿ ನೋಡಬೇಕು. ಒಳಗಿನ ಒತ್ತಡ ಎದುರಿಸುವುದು ಪಾದಕ್ಕೆ ಸ್ಪಷ್ಟವಾಗಿ ತಿಳಿಯಬೇಕು. ತಡೆಯಿಲ್ಲದೆ ಇಳಿದುಹೋದರೆ ಪಿಸ್ಟನ್ ಉಂಗುರಗಳೊ ಸಿಲಿಂಡರೊ ಸವೆದಿರಬಹುದು.

ಮೂರು: ಹತ್ತು ನಿಮಿಷ ಓಡಿದ ಮೇಲೆ ಹೊಗೆ ತೆಳುವಾಗಬೇಕು. ಆಗಲೂ ದಟ್ಟವಾದ ಬಿಳಿಹೊಗೆ ಬರುತ್ತಿದ್ದು ಗೇರಿನ ಎಣ್ಣೆ ಕಡಿಮೆಯಾಗಿದ್ದರೆ, ಮೇಲೆ ಹೇಳಿದ ಸೀಲಿನ ಮೇಲೆ ಸಂದೇಹಪಡಬೇಕು.

ನಾಲ್ಕು: ಸ್ಪಾರ್ಕ್ ಪ್ಲಗ್ಗನ್ನು ಬಿಚ್ಚಿಸಿ ನೋಡಬೇಕು. ಅದರ ತುದಿ ಬಿಸ್ಕತ್ತಿನ ಕಂದುಬಣ್ಣದ್ದಾಗಿದ್ದರೆ ದಹನ ಸರಿಯಾಗಿದೆ. ಕಪ್ಪಾಗಿ ಒದ್ದೆಯಾಗಿದ್ದರೆ ಪೆಟ್ರೋಲೊ ಎಣ್ಣೆಯೊ ಹೆಚ್ಚು. ಸುಣ್ಣದಂತೆ ಬೆಳ್ಳಗಿದ್ದರೆ ಎಂಜಿನು ಅತಿಯಾಗಿ ಕಾಯುತ್ತಿದೆ.

ಐದು: ಪೆಟ್ರೋಲ್ ಟ್ಯಾಂಕಿನೊಳಗೆ ಟಾರ್ಚ್ ಹಿಡಿದು ತುಕ್ಕನ್ನು ಹುಡುಕಬೇಕು. ಭಾರತದಲ್ಲಿ ೨೦೨೩ರಲ್ಲಿ ಶೇಕಡ ೨೦ ಎಥನಾಲ್ ಬೆರೆತ ಪೆಟ್ರೋಲಿನ ಮಾರಾಟ ಆರಂಭವಾಯಿತು. ಎಥನಾಲು ಗಾಳಿಯ ತೇವವನ್ನು ಹೀರುತ್ತದೆ. ಹಳೆಯ ರಬ್ಬರನ್ನು ಕೆಡಿಸುತ್ತದೆ. ಅದರಲ್ಲಿ ಆಮ್ಲಜನಕವೂ ಇರುವುದರಿಂದ, ಹಿಂದಿನ ಪೆಟ್ರೋಲಿಗೆ ಹೊಂದಿಸಿದ ಕಾರ್ಬ್ಯುರೇಟರಿನಲ್ಲಿ ಮಿಶ್ರಣವು ತೆಳುವಾಗುತ್ತದೆ. ಕೊಂಡವರು ಪೆಟ್ರೋಲಿನ ಕೊಳವೆಗಳನ್ನು ಬದಲಿಸಿ, ಕಾರ್ಬ್ಯುರೇಟರನ್ನು ತಿಳಿದವರಿಂದ ಹೊಂದಿಸಿಕೊಳ್ಳಬೇಕು. ಗಾಡಿಯನ್ನು ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಟ್ಯಾಂಕನ್ನು ಬರಿದು ಮಾಡಬೇಕು.

ಓಡುವುದಕ್ಕಿಂತ ನಿಲ್ಲುವುದು ಮುಖ್ಯ

ಕೊಳ್ಳುವವರು ಎಂಜಿನನ್ನು ನೋಡುತ್ತಾರೆ, ಬ್ರೇಕನ್ನು ಮರೆಯುತ್ತಾರೆ. ಇದು ಪ್ರಾಣದ ಪ್ರಶ್ನೆ. ಗಾಡಿ ಮತ್ತು ಸವಾರ ಸೇರಿ ೨೦೦ ಕಿಲೋಗ್ರಾಂ ಎನ್ನೋಣ. ಗಂಟೆಗೆ ೩೦ ಕಿಲೋಮೀಟರು ವೇಗದಲ್ಲಿ ಅವುಗಳ ಚಲನಶಕ್ತಿ ಸುಮಾರು ೭,೦೦೦ ಜೂಲು. ವೇಗವು ೬೦ ಆದರೆ ಶಕ್ತಿ ೧೪,೦೦೦ ಅಲ್ಲ, ೨೮,೦೦೦ ಜೂಲು! ವೇಗ ಎರಡು ಪಟ್ಟಾದರೆ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಅದೇ ಬ್ರೇಕಿನ ಬಲದಿಂದ ನಿಲ್ಲಲು ಬೇಕಾದ ದೂರವೂ ನಾಲ್ಕು ಪಟ್ಟು. ಈ ಶಕ್ತಿಯ ಬಹುಭಾಗವನ್ನು ಎರಡು ಹಳೆಯ ಡ್ರಮ್ ಬ್ರೇಕುಗಳು ಉಷ್ಣವಾಗಿ ಮಾರ್ಪಡಿಸಬೇಕು. ಸವೆದ ಬ್ರೇಕು, ಜಡ್ಡುಗಟ್ಟಿದ ಕೇಬಲು, ಗೆರೆ ಸವೆಯದಿದ್ದರೂ ವಯಸ್ಸಿನಿಂದ ಬಿರುಕುಬಿಟ್ಟ ಟೈರು—ಇವನ್ನು ಬದಲಿಸದೆ ರಸ್ತೆಗಿಳಿಯುವುದು ಸಾಹಸವಲ್ಲ, ಅವಿವೇಕ.

ಕಾಗದಪತ್ರಗಳನ್ನೂ ಕಡೆಗಣಿಸಬಾರದು. ಎಂಜಿನು ಮತ್ತು ಚಾಸಿಯ ಮೇಲೆ ಒತ್ತಿರುವ ಸಂಖ್ಯೆಗಳು ನೋಂದಣಿ ಪತ್ರದಲ್ಲಿರುವ ಸಂಖ್ಯೆಗಳೇ ಆಗಿರಬೇಕು. ೧೯೮೮ರ ಮೋಟಾರು ವಾಹನ ಕಾಯಿದೆಯ ಪ್ರಕಾರ ನೋಂದಣಿಯ ಅವಧಿ ೧೫ ವರ್ಷ. ಅನಂತರ ೫ ವರ್ಷಗಳಿಗೆ ನವೀಕರಿಸಿಕೊಳ್ಳಬೇಕು. ನವೀಕರಣವಾಗದ ಗಾಡಿ ಎಷ್ಟು ಅಗ್ಗವಾಗಿ ಸಿಕ್ಕರೂ ಅಗ್ಗವಲ್ಲ.

ಆದುದರಿಂದ ಕೈಯಲ್ಲಿರುವ ಹಣವನ್ನೆಲ್ಲ ಕೊಳ್ಳುವ ದಿನವೇ ಮುಗಿಸದೆ, ಒಂದು ಪಾಲನ್ನು ದುರಸ್ತಿಗೆ ತೆಗೆದಿಡೋಣ. ಅದರಲ್ಲಿಯೂ ಮೊದಲ ರೂಪಾಯಿ ಬ್ರೇಕಿಗೆ ಸಲ್ಲಲಿ, ಬಣ್ಣಕ್ಕೆ ಕೊನೆಯದು ಸಾಕು. ಹೀಗೆ ಅರಿತು ಕೊಂಡ ಹಳೆಯ ಯಂತ್ರವು ಸವಾರಿಗೂ ಒದಗುತ್ತದೆ. ಪುಸ್ತಕದಲ್ಲಿ ಓದಿದ ಒತ್ತಡ, ಘರ್ಷಣೆ, ದಹನಗಳನ್ನು ಮನೆಯಂಗಳದಲ್ಲಿಯೇ ನಮ್ಮ ಕೈಗೆ ತಂದುಕೊಡುತ್ತದೆ.